ಕಾರಖಾನೆಯ ತ್ಯಾಜ್ಯ ಸೇರಿದ ಹೊಳೆಯಲ್ಲಿ ಶಿಲೀಂಧ್ರಗಳು: ಯಡ್ರಾವ–ಇಚಲಕರಂಜಿ ಪರಿಸರದ ಶಾಲೆಗಳಿಗೊಂದು ಅಭ್ಯಾಸ ಲೇಖನ

ಪಠ್ಯಪುಸ್ತಕದಲ್ಲಿ ಶಿಲೀಂಧ್ರವೆಂದರೆ ಹಳಸಿದ ರೊಟ್ಟಿಯ ಮೇಲಿನ ಬೂಷ್ಟು, ಮಳೆಗಾಲದ ಅಣಬೆ, ಹಿಟ್ಟನ್ನು ಉಬ್ಬಿಸುವ ಯೀಸ್ಟ್. ಇಚಲಕರಂಜಿ ಹಾಗೂ ಅದಕ್ಕೆ ಅಂಟಿಕೊಂಡಂತಿರುವ ಶಿರೋಳ ತಾಲೂಕಿನ ಯಡ್ರಾವದ ಸುತ್ತಲಿನ ವಿದ್ಯಾರ್ಥಿಗಳು ಶಾಲೆಗೆ ಬರುವ ದಾರಿಯಲ್ಲಿ ಕಾಣುವುದು ಬೇರೆಯೇ ದೃಶ್ಯ. ಗಟಾರದ ಕಲ್ಲಿಗೆ ಅಂಟಿ ಹರಿವಿನೊಡನೆ ತೂಗಾಡುವ ಬೂದುಬಿಳಿ ಎಳೆಗಳು, ಬಂಧಾರದ ಹಿಂದೆ ನಿಂತ ನೀರಿನಂಚಿನ ಕಪ್ಪು ಕೆಸರು, ಬೇಸಿಗೆಯಲ್ಲಿ ತೇಲುವ ಸತ್ತ ಮೀನಿನ ಮೈಮೇಲೆ ಹತ್ತಿಯಂಥ ಬೆಳವಣಿಗೆ. ಇವನ್ನೆಲ್ಲ ಮಕ್ಕಳು ಒಂದೇ ಶಬ್ದದಿಂದ ಕರೆಯುತ್ತಾರೆ: ಬೂಷ್ಟು; ಮರಾಠಿ ಮನೆಮಾತಿನವರಾದರೆ ಬುರಶಿ. ಶಿಕ್ಷಕರು ಕೂಡ ಅವಸರದಲ್ಲಿ ಅದನ್ನೇ ಒಪ್ಪಿ ಮುಂದಿನ ಪಾಠಕ್ಕೆ ಸಾಗುವುದುಂಟು.

ಅಲ್ಲಿ ಒಂದು ತಾಸು ನಿಲ್ಲಬೇಕೆಂಬುದು ಈ ಲೇಖನದ ಕೋರಿಕೆ. ಮಕ್ಕಳು ತೋರಿಸುವ ಮೂರು ವಸ್ತುಗಳಲ್ಲಿ ಒಂದೂ ಪೂರ್ತಿಯಾಗಿ ಶಿಲೀಂಧ್ರವಲ್ಲ. ನಿಜವಾದ ಶಿಲೀಂಧ್ರಗಳು ಆ ನೀರಿನಲ್ಲಿ ಇವೆಯಾದರೂ ಅವು ಕಣ್ಣಿಗೆ ಕಾಣುವುದು ವಿರಳ. ಯಾವುದು ಏನು, ಅದು ಅಲ್ಲೇಕೆ ಬೆಳೆಯಿತು, ಏನನ್ನು ಉಂಡು ಬದುಕಿದೆ ಎಂಬ ಪ್ರಶ್ನೆಗಳಿಂದ ಹೊರಟರೆ ವರ್ಗೀಕರಣ, ಪೋಷಣೆ, ಕಿಣ್ವ, ಜಲಮಾಲಿನ್ಯ ಎಂಬ ಬೇರೆ ಬೇರೆ ಪಾಠಗಳು ಒಂದೇ ಹಳ್ಳದ ದಂಡೆಯಲ್ಲಿ ಕೂಡುತ್ತವೆ.

ಹೊಳೆಯ ಪರಿಚಯ

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆಗಳು, ಗುಪ್ತವಾಗಿ ಹರಿಯುವಳೆಂದು ಜನ ನಂಬುವ ಸರಸ್ವತಿಯೊಡನೆ, ಕೊಲ್ಹಾಪುರದ ಬಳಿಯ ಪ್ರಯಾಗ ಚಿಖಲಿಯಲ್ಲಿ ಕೂಡಿ ಪಂಚಗಂಗೆಯಾಗುತ್ತವೆ. ಅಲ್ಲಿಂದ ಸುಮಾರು 80 ಕಿಲೋಮೀಟರ್ ಹರಿದು ನರಸೋಬಾವಾಡಿಯಲ್ಲಿ ಆಕೆ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆ ಮುಂದೆ ಗಡಿ ದಾಟಿ ಚಿಕ್ಕೋಡಿ ಭಾಗಕ್ಕೆ ಹೋಗುತ್ತಾಳೆ. ಆದ್ದರಿಂದ ಈ ನೀರು ಎರಡೂ ರಾಜ್ಯಗಳ ಕನ್ನಡಿಗರಿಗೆ ಸಂಬಂಧಿಸಿದ್ದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಪಂಚಗಂಗೆಯ ಹೆಸರಿದೆ.

ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗವನ್ನು ವಿಠ್ಠಲರಾವ ದಾತಾರರು 1904ರಲ್ಲಿ ಹಾಕಿದರು. ಆ ಒಂದು ಮಗ್ಗದಿಂದ ಬೆಳೆದ ಉದ್ಯಮ ಇಂದು ಊರನ್ನೂ ಯಡ್ರಾವದಂಥ ನೆರೆಹಳ್ಳಿಗಳ ಔದ್ಯೋಗಿಕ ವಸಾಹತುಗಳನ್ನೂ ತುಂಬಿಕೊಂಡಿದೆ. ಬಟ್ಟೆ ನೇಯುವುದಕ್ಕೆ ನೀರು ಹೆಚ್ಚು ಬೇಕಿಲ್ಲ. ನೂಲಿಗೆ ಗಂಜಿ ಹಾಕಲು, ನೇಯ್ದ ಮೇಲೆ ಆ ಗಂಜಿ ತೆಗೆಯಲು, ಬಿಳುಪು ಮಾಡಲು, ಬಣ್ಣ ಹಾಕಲು ನೀರು ಬೇಕು. ಇದರ ಜೊತೆಗೆ ಊರಿನ ಮಲಿನಜಲ ಸೇರುತ್ತದೆ. ಇವೆರಡನ್ನೂ ಪಂಚಗಂಗೆಗೆ ಒಯ್ಯುವ ಒಂದು ಹಳ್ಳಕ್ಕೆ ಜನ ಇಟ್ಟಿರುವ ಹೆಸರೇ ಕಾಳಾ ಓಢಾ, ಅಂದರೆ ಕರಿಹಳ್ಳ. ಕೊಲ್ಹಾಪುರ ನಗರದ ಮಲಿನಜಲ, ಸಕ್ಕರೆ ಕಾರಖಾನೆಗಳ ಪ್ರದೇಶದ ತ್ಯಾಜ್ಯ, ಹೊಲಗಳಿಂದ ಹರಿದುಬರುವ ಗೊಬ್ಬರ ಇವೂ ಹೊಳೆಗೆ ಬರುತ್ತವೆ. ಪಾಠದಲ್ಲಿ ಈ ಪಟ್ಟಿಯನ್ನು ಅರ್ಧಕ್ಕೆ ಬಿಡಬಾರದು. ಅರ್ಧಕ್ಕೆ ಬಿಟ್ಟರೆ ತರಗತಿಯಲ್ಲಿ ಕುಳಿತ ಯಾರೋ ಒಬ್ಬರ ಮನೆಯ ಮೇಲೆ ಮಾತ್ರ ಬೆರಳು ತೋರಿಸಿದಂತಾಗುತ್ತದೆ.

ಗಟಾರದ ಬಿಳಿ ಎಳೆ

ಮಲಿನಜಲದ ಹಳ್ಳಗಳಲ್ಲಿ ಕಲ್ಲು, ಕಡ್ಡಿ, ಪ್ಲಾಸ್ಟಿಕ್ ಚೀಲಗಳಿಗೆ ಅಂಟಿ ಬೆಳೆಯುವ ಬೂದುಬಿಳಿ ಲೋಳೆಯೆಳೆಗಳಿಗೆ ಇಂಗ್ಲಿಷ್ ಪುಸ್ತಕಗಳಲ್ಲಿ ‘ಸ್ಯೂವೇಜ್ ಫಂಗಸ್’, ಅಂದರೆ ಗಟಾರದ ಶಿಲೀಂಧ್ರ ಎಂಬ ಹಳೆಯ ಹೆಸರಿದೆ. ಹೆಸರಿನಲ್ಲಿ ಶಿಲೀಂಧ್ರವಿದ್ದರೂ ಅದರ ಮುಖ್ಯ ಘಟಕ ಸ್ಫೇರೊಟಿಲಸ್ ನೇಟನ್ಸ್ ಎಂಬ ಬ್ಯಾಕ್ಟೀರಿಯಾ. ಅದರ ಕೋಶಗಳು ಒಂದರ ಹಿಂದೊಂದು ಸಾಲಾಗಿ ತೆಳುವಾದ ಕೊಳವೆಯಂಥ ಹೊದಿಕೆಯೊಳಗೆ ಕುಳಿತಿರುತ್ತವೆ. ಕೋಟಿಗಟ್ಟಲೆ ಸಾಲುಗಳು ಕೂಡಿದಾಗ ಬರಿಗಣ್ಣಿಗೆ ಹತ್ತಿಯ ಎಳೆಯಂತೆ ಕಾಣುತ್ತವೆ. ಅದರೊಡನೆ ಬೇರೆ ಬ್ಯಾಕ್ಟೀರಿಯಾಗಳು, ಏಕಕೋಶ ಜೀವಿಗಳು, ಕೆಲವೊಮ್ಮೆ ಫ್ಯುಸೇರಿಯಂನಂಥ ನಿಜವಾದ ಶಿಲೀಂಧ್ರಗಳು, ಕೆಲವೊಮ್ಮೆ ಲೆಪ್ಟೊಮೈಟಸ್ ಲ್ಯಾಕ್ಟಿಯಸ್ ಎಂಬ ಜೀವಿಯೂ ಇರುತ್ತವೆ. ಅಂದರೆ ಇದೊಂದು ವಸತಿ. ಒಬ್ಬನೇ ನಿವಾಸಿಯ ಮನೆಯಲ್ಲ.

ಲೆಪ್ಟೊಮೈಟಸ್‌ನ ಕುಲವೇ ಮಕ್ಕಳ ಎರಡನೆಯ ಗೊಂದಲಕ್ಕೂ ಉತ್ತರ ಕೊಡುತ್ತದೆ. ಮೀನಿನ ಮೈಮೇಲೆ ಹತ್ತಿಯಂತೆ ಬೆಳೆಯುವುದು ಸಾಮಾನ್ಯವಾಗಿ ಸ್ಯಾಪ್ರೊಲೆಗ್ನಿಯಾ. ಇವೆರಡೂ ಊಮೈಸೀಟ್‌ಗಳೆಂಬ ಗುಂಪಿಗೆ ಸೇರಿವೆ. ನೋಡಲು ಶಿಲೀಂಧ್ರದಂತೆಯೇ ಎಳೆ, ಬೀಜಕ, ಹೀರಿಕೊಂಡು ಬದುಕುವ ರೀತಿ. ಆದರೆ ನಿಜವಾದ ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಪ್ರಧಾನ, ಅದೇ ಸೀಗಡಿಯ ಚಿಪ್ಪಿನಲ್ಲೂ ಜೀರುಂಡೆಯ ಹೊದಿಕೆಯಲ್ಲೂ ಇರುವ ವಸ್ತು. ಊಮೈಸೀಟ್‌ಗಳ ಭಿತ್ತಿಯಲ್ಲಿ ಸಸ್ಯಗಳಂತೆ ಸೆಲ್ಯುಲೋಜ್ ಇದೆ. ವಂಶದ ದೃಷ್ಟಿಯಿಂದ ಅವು ಕಂದು ಪಾಚಿಗಳಿಗೆ ಹತ್ತಿರದವು.

ಇಯತ್ತೆ ಎಂಟನೆಯ ವರ್ಗೀಕರಣದ ಪಾಠವನ್ನು ಕಲಿಸುವವರು ಇಲ್ಲೊಂದು ಮಾತು ಗಮನಿಸಬೇಕು. ರಾಬರ್ಟ್ ವ್ಹಿಟಕರ್ 1969ರಲ್ಲಿ ಐದು ಸಾಮ್ರಾಜ್ಯಗಳ ಯೋಜನೆಯನ್ನು ಮುಂದಿಟ್ಟಾಗ ಊಮೈಸೀಟ್‌ಗಳನ್ನು ಶಿಲೀಂಧ್ರಗಳ ಜೊತೆಗೇ ಇರಿಸಿದ್ದರು. ಅವನ್ನು ಹೊರತೆಗೆದದ್ದು ಆಮೇಲಿನ ಸಂಶೋಧನೆ. ಹಳೆಯ ಪುಸ್ತಕ ಓದಿದ ಶಿಕ್ಷಕರೂ ಹೊಸತನ್ನು ಓದಿದ ವಿದ್ಯಾರ್ಥಿಯೂ ಬೇರೆ ಬೇರೆ ಉತ್ತರ ಹೇಳಿದರೆ ಇಬ್ಬರನ್ನೂ ತಪ್ಪೆನ್ನುವ ಅಗತ್ಯವಿಲ್ಲ. ವರ್ಗೀಕರಣವು ಬದಲಾಗುವ ಪದ್ಧತಿಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೀನು ಸತ್ತದ್ದು ಬೂಷ್ಟಿನಿಂದಲೇ ಎಂಬ ತೀರ್ಮಾನಕ್ಕೆ ಮಕ್ಕಳು ಬೇಗ ಬರುತ್ತಾರೆ. ಬಂಧಾರಗಳ ಹಿಂದೆ ಒಮ್ಮೆಲೇ ರಾಶಿರಾಶಿ ಮೀನು ಸತ್ತರೆ ಮೊದಲು ಸಂಶಯಿಸಬೇಕಾದುದು ನೀರಿನಲ್ಲಿ ಕರಗಿದ ಆಮ್ಲಜನಕದ ಕೊರತೆಯನ್ನು ಅಥವಾ ವಿಷವಸ್ತುವನ್ನು. ಹತ್ತಿಯಂಥ ಎಳೆಗಳು ಬಹುತೇಕ ಆ ಮೇಲೆ ಬರುವಂಥವು. ಗಾಯಗೊಂಡ ಅಥವಾ ನಿತ್ರಾಣಗೊಂಡ ಮೀನನ್ನು ಅವು ಜೀವಂತವಿರುವಾಗಲೂ ಹಿಡಿಯುತ್ತವೆ ನಿಜ, ಆದರೆ ಒಂದೇ ರಾತ್ರಿಯಲ್ಲಿ ಹೊಳೆಯ ಮೀನನ್ನೆಲ್ಲ ಕೊಲ್ಲುವ ಶಕ್ತಿ ಅವಕ್ಕಿಲ್ಲ.

ಕೆಸರು ಕಪ್ಪೇಕೆ

ಬಣ್ಣದ ಕಾರಖಾನೆಗಳಿರುವ ಊರಾದ್ದರಿಂದ ಕೆಸರಿನ ಕಪ್ಪು ಬಣ್ಣದ ನೀರಿನಿಂದಲೇ ಬಂತೆಂದು ಎಲ್ಲರೂ ಹೇಳುತ್ತಾರೆ. ಕೆಲವರು ಕಪ್ಪು ಬೂಷ್ಟು ಎನ್ನುತ್ತಾರೆ. ಬಣ್ಣದ ಪಾಲು ಸ್ವಲ್ಪ ಇದ್ದೀತು. ಮುಖ್ಯ ಕಾರಣ ಬೇರೆ. ಕೆಸರಿನ ಆಳದಲ್ಲಿ ಆಮ್ಲಜನಕ ಮುಗಿದಾಗ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಸಲ್ಫೇಟನ್ನು ಬಳಸುತ್ತವೆ. ಸಲ್ಫೇಟಿಗೆ ಇಲ್ಲಿ ಕೊರತೆಯಿಲ್ಲ; ಹತ್ತಿ ಬಟ್ಟೆಗೆ ಬಣ್ಣ ಹಿಡಿಸುವಾಗ ಸೋಡಿಯಂ ಸಲ್ಫೇಟ್ ಎಂಬ ಲವಣವನ್ನು ಧಾರಾಳವಾಗಿ ಬಳಸುವುದುಂಟು. ಈ ಕ್ರಿಯೆಯಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಅದೇ ಕೊಳೆತ ಮೊಟ್ಟೆಯ ನಾತ. ಅದು ಮಣ್ಣಿನ ಕಬ್ಬಿಣದೊಡನೆ ಕೂಡಿದಾಗ ಕಬ್ಬಿಣದ ಸಲ್ಫೈಡ್ ಆಗಿ ಕೆಸರು ಕಪ್ಪಾಗುತ್ತದೆ. ನೇಯ್ಗೆಯಿಲ್ಲದ ಊರಿನ ಗಟಾರದ ಕೆಸರೂ ಕಪ್ಪಾಗಿಯೇ ಇರುವುದು ಈ ಕಾರಣಕ್ಕೆ.

ಎಳೆರೂಪದ ಶಿಲೀಂಧ್ರಗಳು ಬಹುಪಾಲು ಆಮ್ಲಜನಕವನ್ನು ಬಯಸುವಂಥವು. ಆದಕಾರಣ ಆಳದ ಕಪ್ಪು ಪದರದಲ್ಲಿ ಅವು ಸಕ್ರಿಯವಾಗಿ ಬೆಳೆಯುವುದು ಕಡಿಮೆ; ಕೆಸರಿನ ಮೇಲ್ಪದರ, ದಂಡೆಯ ಒದ್ದೆಮಣ್ಣು, ನೀರಿಗೆ ಬಿದ್ದ ಕಡ್ಡಿ, ಕೊಳೆಯುತ್ತಿರುವ ಕೆಂದಾಳದ ಎಲೆ (ಜಲಪರ್ಣಿಗೆ ಇಲ್ಲಿಯ ಹೆಸರು) ಇವು ಅವುಗಳ ನೆಲೆ.

ಸಿಕ್ಕಿದ್ದೆಲ್ಲ ಬೆಳೆದದ್ದೇ?

ಕಲುಷಿತ ನೀರನ್ನೂ ಕೆಸರನ್ನೂ ಪ್ರಯೋಗಾಲಯದಲ್ಲಿ ಪೋಷಕ ಮಾಧ್ಯಮದ ತಟ್ಟೆಗೆ ಹಾಕಿದರೆ ಆಸ್ಪರ್ಜಿಲಸ್, ಪೆನಿಸಿಲಿಯಂ, ಫ್ಯುಸೇರಿಯಂ, ಟ್ರೈಕೊಡರ್ಮಾ, ಮ್ಯೂಕರ್, ಜಿಯೊಟ್ರೈಕಂ, ಗುಲಾಬಿ ಬಣ್ಣದ ರೋಡೊಟೊರುಲಾ ಯೀಸ್ಟ್, ಕ್ಯಾಂಡಿಡಾ ಮೊದಲಾದವು ಮೂಡುತ್ತವೆ. ಜಗತ್ತಿನ ಯಾವ ಕೊಳಕು ನದಿಯ ವರದಿಯನ್ನು ತೆರೆದರೂ ಹೆಚ್ಚುಕಡಿಮೆ ಇದೇ ಹೆಸರುಗಳು. ಇಷ್ಟನ್ನು ಪಟ್ಟಿಮಾಡಿ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುವುದು ಸುಲಭ, ಪ್ರಯೋಜನ ಮಾತ್ರ ಅಲ್ಪ.

ಪಟ್ಟಿಯನ್ನು ಓದುವ ಬಗೆ ತಿಳಿಯಬೇಕು. ಆಸ್ಪರ್ಜಿಲಸ್, ಪೆನಿಸಿಲಿಯಂಗಳು ಮೂಲತಃ ಮಣ್ಣಿನ ವಾಸಿಗಳು. ಅವುಗಳ ಬೀಜಕಗಳು ಗಾಳಿಯಲ್ಲಿ ಎಲ್ಲೆಡೆ ತೇಲುತ್ತವೆ. ಮಳೆ ಬಂದು ಹೊಲದ ಮಣ್ಣು ಹೊಳೆಗೆ ಇಳಿದರೆ ಬೀಜಕಗಳೂ ಇಳಿಯುತ್ತವೆ. ನೀರಿನಲ್ಲಿ ಸುಮ್ಮನೆ ಮಲಗಿದ್ದ ಬೀಜಕ ಸಕ್ಕರೆಯಿರುವ ತಟ್ಟೆಗೆ ಬಿದ್ದೊಡನೆ ಮೊಳೆತು ಬಣ್ಣದ ವರ್ತುಲವಾಗುತ್ತದೆ. ಆ ವರ್ತುಲವು ಬೀಜಕ ನೀರಿನಲ್ಲಿತ್ತು ಎಂಬುದಕ್ಕೆ ಮಾತ್ರ ಸಾಕ್ಷಿ. ಅದು ನೀರಿನಲ್ಲಿ ಉಂಡು ಬೆಳೆಯುತ್ತಿತ್ತೇ ಎಂಬುದನ್ನು ತಟ್ಟೆ ಹೇಳಲಾರದು. ಬಸ್‌ನಿಲ್ದಾಣದಲ್ಲಿ ನಿಂತವರನ್ನೆಲ್ಲ ಆ ಊರಿನವರೆಂದು ಎಣಿಸಿದರೆ ಖಾನೇಶುಮಾರಿ ಹೇಗಾದೀತೋ ಹಾಗೆ.

ಅಮೆರಿಕದ ಸಿನ್ಸಿನಾಟಿಯಲ್ಲಿ ಸಾರ್ವಜನಿಕ ಆರೋಗ್ಯ ಸೇವೆಯ ಪ್ರಯೋಗಾಲಯದಲ್ಲಿದ್ದ ವಿಲಿಯಂ ಬ್ರಿಜ್ ಕುಕ್ 1950ರ ದಶಕದಿಂದ ಇದೇ ವಿಷಯಕ್ಕೆ ತಮ್ಮ ದುಡಿಮೆಯನ್ನು ಮುಡಿಪಿಟ್ಟವರು. ಕೊಳಕು ನೀರನ್ನು ತಟ್ಟೆಗೆ ಹಾಕಿದರೆ ಬ್ಯಾಕ್ಟೀರಿಯಾಗಳೇ ತುಂಬಿ ಶಿಲೀಂಧ್ರಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ಕುಕ್ ಅವರು ಮಾಧ್ಯಮಕ್ಕೆ ಪ್ರತಿಜೈವಿಕವನ್ನೂ ರೋಸ್ ಬೆಂಗಾಲ್ ಎಂಬ ಬಣ್ಣವನ್ನೂ ಸೇರಿಸಿ ಬ್ಯಾಕ್ಟೀರಿಯಾಗಳನ್ನು ತಡೆದರು. 1954ರಲ್ಲಿ ಪ್ರಕಟವಾದ ಆ ವಿಧಾನ ಇಂದಿಗೂ ಬೇರೆ ಬೇರೆ ರೂಪದಲ್ಲಿ ಬಳಕೆಯಲ್ಲಿದೆ. ಕೊಳಕು ನೀರಿನೊಡನೆ ಶಿಲೀಂಧ್ರಗಳಿಗಿರುವ ಸಂಬಂಧವನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅವರ ಗ್ರೀಕ್ ಮೂಲದ ಹೆಸರುಗಳು ನಮಗೆ ಬೇಡ. ಕನ್ನಡದಲ್ಲಿ ಕೊಳೆನೀರಿನ ನಿವಾಸಿ, ಕೊಳೆನೀರಿನ ಪ್ರಿಯ, ಕೊಳೆನೀರನ್ನು ಸಹಿಸುವ ಅತಿಥಿ, ಕೊಳೆನೀರಿನ ವೈರಿ ಎಂದರೆ ಸಾಕು. ಮಕ್ಕಳು ಈ ನಾಲ್ಕು ಹೆಸರುಗಳನ್ನು ಮರೆಯುವುದಿಲ್ಲ.

ವೈರಿಗಳು ಯಾರು? ಪಶ್ಚಿಮಘಟ್ಟದ ಕಾಡುಹಳ್ಳಗಳಲ್ಲಿ ತರಗೆಲೆಗಳ ಮೇಲೆ ಬದುಕುವ ಸೂಕ್ಷ್ಮ ಜಲಶಿಲೀಂಧ್ರಗಳು. 1942ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಬಳಿಯ ಒಂದು ತೊರೆಯಲ್ಲಿ ಕೊಳೆತ ಎಲೆಗಳನ್ನು ಪರೀಕ್ಷಿಸಿದ ಟೆರೆನ್ಸ್ ಇಂಗೋಲ್ಡ್ ಇವುಗಳ ಇಡೀ ಲೋಕವನ್ನು ಬೆಳಕಿಗೆ ತಂದರು. ಇವುಗಳ ಬೀಜಕಗಳಲ್ಲಿ ಅನೇಕವು ನಾಲ್ಕು ತೋಳುಗಳವು. ಹರಿಯುವ ನೀರಿನಲ್ಲಿ ಎಲೆಗೆ ಸಿಕ್ಕಿಕೊಳ್ಳಲು ಮುಳ್ಳುಗುಂಡಿನಂಥ ಆ ಆಕಾರ ಅನುಕೂಲ. ನೀರು ಬಂಡೆಗೆ ಅಪ್ಪಳಿಸಿ ನೊರೆಯಾಗುವಲ್ಲಿ ಬೀಜಕಗಳು ನೊರೆಯಲ್ಲಿ ಕೂಡಿಬೀಳುತ್ತವೆ. ಆ ನೊರೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ನಕ್ಷತ್ರ, ಕೊಕ್ಕೆ, ಕುಡುಗೋಲುಗಳ ಸಂತೆಯೇ ಕಾಣುತ್ತದೆ. ಕರ್ನಾಟಕದ ಘಟ್ಟದ ಹೊಳೆಗಳಲ್ಲಿ ಇವುಗಳ ಅಧ್ಯಯನವನ್ನು ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್, ಕೆ. ಎಂ. ಕಾವೇರಿಯಪ್ಪ ಮೊದಲಾದವರು ದಶಕಗಳ ಕಾಲ ನಡೆಸಿದ್ದಾರೆ. ಆಮ್ಲಜನಕ ತುಂಬಿದ ತಂಪು ನೀರು ಇವಕ್ಕೆ ಬೇಕು. ಕೊಳೆ ಹೆಚ್ಚಿದಂತೆ, ಸತು ತಾಮ್ರಗಳಂಥ ಲೋಹಗಳು ಸೇರಿದಂತೆ ಇವುಗಳ ಬಗೆಗಳು ಒಂದೊಂದಾಗಿ ಕಡಿಮೆಯಾಗುತ್ತವೆ.

ಗಡಹಿಂಗ್ಲಜ ಭಾಗದ ಶಿಕ್ಷಕರಿಗೆ ಈ ಹೋಲಿಕೆ ಕೈಗೆಟಕುವಂಥದು. ಅವರ ಹಿರಣ್ಯಕೇಶಿ ಅಂಬೋಲಿಯ ಕಾಡಿನಲ್ಲಿ ಹುಟ್ಟಿ, ಆಜರಾ ದಾಟಿ ಗಡಹಿಂಗ್ಲಜಕ್ಕೆ ಬಂದು, ಸಂಕೇಶ್ವರದ ಕಡೆಗೆ ಇಳಿಯುತ್ತದೆ. ಹುಟ್ಟುವಲ್ಲಿ ನೊರೆ, ಇಚಲಕರಂಜಿಯ ಕೆಳಗಿನ ಪಂಚಗಂಗೆಯಲ್ಲೂ ನೊರೆ. ಮೊದಲನೆಯದು ಎಲೆಗಳ ಸಾರ ಮತ್ತು ರಭಸದಿಂದ ಆದದ್ದು. ಎರಡನೆಯದರಲ್ಲಿ ಸಾಬೂನು, ಮಾರ್ಜಕ, ಬಟ್ಟೆ ತೊಳೆಯುವ ರಾಸಾಯನಿಕಗಳ ಪಾಲಿದೆ. ಮಳೆಗಾಲದ ಪ್ರವಾಸಕ್ಕೆ ಅಂಬೋಲಿಗೆ ಹೋಗುವ ಶಾಲೆಗಳು ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತವೆ; ತೊರೆಯಂಚಿನ ಒಂದು ತರಗೆಲೆಯನ್ನು ಕೈಮಸೂರದಲ್ಲಿ ನೋಡಿ ಬಂದರೆ ಪ್ರವಾಸದ ಖರ್ಚು ಸಾರ್ಥಕವಾದೀತು.

ಗಂಜಿಯ ಲೆಕ್ಕ

ಈ ಭಾಗದ ಮಕ್ಕಳಿಗೆ ಶಿಲೀಂಧ್ರದ ಪೋಷಣೆಯನ್ನು ಕಲಿಸಲು ಸೈಜಿಂಗ್‌ಗಿಂತ ಒಳ್ಳೆಯ ಸಾಧನವಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಹಾಸಿನ ನೂಲು ಮಗ್ಗದಲ್ಲಿ ಉಜ್ಜಿ ತುಂಡಾಗದಿರಲು ಅದಕ್ಕೆ ಗಂಜಿಯ ಲೇಪ ಬೇಕು. ಹತ್ತಿ ನೂಲಿನ ತೂಕದ ಹತ್ತು ಪ್ರತಿಶತದ ಆಸುಪಾಸಿನಷ್ಟು ಲೇಪ ಸಾಮಾನ್ಯ. ಅದರಲ್ಲಿ ಮೆಕ್ಕೆಜೋಳ ಅಥವಾ ಮರಗೆಣಸಿನ ಪಿಷ್ಟವಿರುತ್ತದೆ, ಜೊತೆಗೆ ಪಿವಿಎ ಎಂಬ ಕೃತಕ ಅಂಟನ್ನೂ ಬೆರೆಸುತ್ತಾರೆ. ನೇಯ್ದ ಕೋರಾ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಈ ಗಂಜಿಯೆಲ್ಲ ಹೋಗಬೇಕು. ಹೋದದ್ದು ನೀರಿಗೆ.

ಗಂಜಿಯನ್ನು ತೆಗೆಯಲು ಬಳಸುವ ಕಿಣ್ವ ಅಮೈಲೇಸ್. ಆಸ್ಪರ್ಜಿಲಸ್ ಒರೈಜೆ ಎಂಬ ಶಿಲೀಂಧ್ರದಿಂದ ಇಂಥ ಕಿಣ್ವವನ್ನು ತೆಗೆದು ಜಪಾನಿನ ಜೋಕಿಚಿ ತಕಾಮಿನೆ ಅಮೆರಿಕದಲ್ಲಿ 1894ರಲ್ಲಿ ಪೇಟೆಂಟ್ ಪಡೆದರು. ಇಂದು ಪ್ರೋಸೆಸ್ ಹೌಸ್‌ಗಳಿಗೆ ಬರುವ ಕಿಣ್ವ ಹೆಚ್ಚಾಗಿ ಬ್ಯಾಸಿಲಸ್ ಬ್ಯಾಕ್ಟೀರಿಯಾದ್ದು. ಮೂಲ ಯಾವುದಾದರೂ ಕೆಲಸ ಒಂದೇ: ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡರಿಸಿ ಕರಗುವ ಸಕ್ಕರೆಗಳನ್ನಾಗಿ ಮಾಡುವುದು. ಶಿಲೀಂಧ್ರಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಅದು ಕಿಣ್ವವನ್ನು ಹೊರಗೆ ಸುರಿದು, ಹೊರಗೇ ಜೀರ್ಣಿಸಿ, ಆಮೇಲೆ ಹೀರುತ್ತದೆ. ಕಾರಖಾನೆಯ ತೊಟ್ಟಿಯಲ್ಲಿ ನಡೆಯುವುದೂ ಶಿಲೀಂಧ್ರದ ಎಳೆಯ ಸುತ್ತ ನಡೆಯುವುದೂ ಒಂದೇ ಕ್ರಿಯೆ ಎಂಬುದು ಗೊತ್ತಾದಾಗ ‘ಪರಪೋಷಿ’, ‘ಬಾಹ್ಯಕೋಶೀಯ ಪಚನ’ ಎಂಬ ಪದಗಳು ತಾವಾಗಿಯೇ ಅರ್ಥ ಪಡೆಯುತ್ತವೆ.

ಈಗ ಗಣಿತ. ಪಿಷ್ಟದ ಒಂದು ಘಟಕದ ಸೂತ್ರಭಾರ 162. ಅದು ಸಂಪೂರ್ಣ ಉತ್ಕರ್ಷಣಗೊಳ್ಳಲು ಬೇಕಾದ ಆರು ಆಮ್ಲಜನಕ ಅಣುಗಳ ಭಾರ 192. ಅಂದರೆ 1 ಗ್ರಾಂ ಪಿಷ್ಟಕ್ಕೆ ಸುಮಾರು 1.2 ಗ್ರಾಂ ಆಮ್ಲಜನಕ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ನೀರಿನ ಒಂದು ಲೀಟರಿನಲ್ಲಿ ಕರಗಿರಬಲ್ಲ ಆಮ್ಲಜನಕ ಹೆಚ್ಚೆಂದರೆ 7.5 ಮಿಲಿಗ್ರಾಂ. ಭಾಗಿಸಿ ನೋಡಿದರೆ ಒಂದು ಗ್ರಾಂ ಗಂಜಿ ಪೂರ್ತಿ ಕೊಳೆಯುವಷ್ಟರಲ್ಲಿ ಸುಮಾರು 160 ಲೀಟರ್ ನೀರಿನ ಆಮ್ಲಜನಕವನ್ನೆಲ್ಲ ನುಂಗಿರುತ್ತದೆ; ಹದಿನೈದು ಲೀಟರಿನ ಕೊಡಗಳಾದರೆ ಹತ್ತು ಹನ್ನೊಂದು ಕೊಡ. ಗಾಳಿಯಿಂದ ಹೊಸ ಆಮ್ಲಜನಕ ಬಂದು ಸೇರುತ್ತಲೇ ಇರುವುದರಿಂದ ಹರಿಯುವ ಹೊಳೆ ಇದನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತದೆ. ಬಂಧಾರದ ಹಿಂದೆ ನಿಂತ ನೀರು, ಅದರಲ್ಲೂ ಕೆಂದಾಳ ಮುಚ್ಚಿದ ನೀರು, ತಾಳಿಕೊಳ್ಳಲಾರದು. ಗಂಜಿ ವಿಷವಲ್ಲ, ನಾವು ಉಣ್ಣುವ ವಸ್ತುವೇ. ಮೀನು ಸಾಯಲು ವಿಷವೇ ಬೇಕೆಂದಿಲ್ಲವೆಂಬುದನ್ನು ಈ ಲೆಕ್ಕ ಮನಗಾಣಿಸುತ್ತದೆ. ಜೈವಿಕ ಆಮ್ಲಜನಕ ಬೇಡಿಕೆ ಎಂಬ ಮಾಪನದ ಅರ್ಥವೂ ಇದೇ. ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯಕ್ಕೆ ಈ ಬೇಡಿಕೆಯ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಸ್ನಾನಕ್ಕೆ ಯೋಗ್ಯವಾದ ಹೊಳೆಯ ನೀರಿಗೆ 3 ಮಿಲಿಗ್ರಾಂ.

ಗಂಜಿಯ ನೀರಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಬ್ಯಾಕ್ಟೀರಿಯಾಗಳಿಗಿಂತ ಕಡಿಮೆ ಸಾರಜನಕದಲ್ಲಿ ಬದುಕಬಲ್ಲ ಶಿಲೀಂಧ್ರಕ್ಕೆ ಇದು ಅನುಕೂಲ. ಆಮ್ಲೀಯ ನೀರೂ ಅದಕ್ಕೆ ಅನುಕೂಲವೇ. ಆದರೆ ಹತ್ತಿ ಬಟ್ಟೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದ ನೀರು ತೀವ್ರ ಕ್ಷಾರೀಯ. ಅದರಲ್ಲಿ ಶಿಲೀಂಧ್ರವೂ ಸುಲಭವಾಗಿ ಬೆಳೆಯದು. ಊರಿನ ಮಲಿನಜಲದೊಡನೆ ಬೆರೆತು ಕ್ಷಾರ ತಗ್ಗಿದ ಮೇಲೆಯೇ ಸೂಕ್ಷ್ಮಜೀವಿಗಳ ಸುಗ್ಗಿ.

ಶಿಲೀಂಧ್ರವೇ ಹೊಳೆಯನ್ನು ತೊಳೆಯುವುದೇ?

ತರಬೇತಿಗಳಲ್ಲಿ ತಪ್ಪದೆ ಬರುವ ಪ್ರಶ್ನೆಯಿದು. ಮರವನ್ನು ಬಿಳಿಯಾಗಿ ಕೊಳೆಸುವ ಫೆನೆರೊಕೀಟೆ ಕ್ರೈಸೊಸ್ಪೋರಿಯಂ ಎಂಬ ಶಿಲೀಂಧ್ರವು ಸುಲಭವಾಗಿ ನಾಶವಾಗದ ಮಾಲಿನ್ಯಕಾರಕಗಳನ್ನೂ ಒಡೆಯಬಲ್ಲದೆಂದು 1985ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದ ಮೇಲೆ ಜವಳಿ ಬಣ್ಣಗಳ ಮೇಲೆಯೂ ಅಂಥ ಪ್ರಯೋಗಗಳು ಜಗತ್ತಿನಾದ್ಯಂತ ನಡೆದವು. ನಮ್ಮ ಜಿಲ್ಲೆಯಲ್ಲೇ, 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಪೀಠದಲ್ಲಿ ಸಂಜಯ ಗೋವಿಂದವಾರ ಅವರ ತಂಡವು ಜವಳಿ ಬಣ್ಣಗಳನ್ನು ಸೂಕ್ಷ್ಮಜೀವಿಗಳಿಂದ ಬಣ್ಣಗೆಡಿಸುವ ವಿಷಯದಲ್ಲಿ ದೀರ್ಘಕಾಲ ಕೆಲಸ ಮಾಡಿದೆ. ಆಸ್ಪರ್ಜಿಲಸ್ ಒಕ್ರೇಸಿಯಸ್, ಟ್ರೈಕೊಸ್ಪೊರಾನ್ ಬೈಜೆಲಿ ಎಂಬ ಶಿಲೀಂಧ್ರಗಳೂ ಅದರಲ್ಲಿ ಸೇರಿವೆ. ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ಹೆಮ್ಮೆಯಿಂದ ಹೇಳಬೇಕು.

ಹೇಳುವಾಗ ಅಳತೆ ತಪ್ಪಬಾರದು. ಆ ಪ್ರಯೋಗಗಳಲ್ಲಿ ಬಳಸಿದ ತಳಿಗಳು ಸಂಗ್ರಹಾಲಯದಲ್ಲಿ ಕಾಪಾಡಿದ ತಳಿಗಳು. ಉಷ್ಣತೆ, ಆಹಾರ, ಆಮ್ಲೀಯತೆ ಎಲ್ಲವನ್ನೂ ಹದದಲ್ಲಿಟ್ಟ ಸೀಸೆಯೊಳಗೆ ಕೆಲಸ ನಡೆದದ್ದು. ತೆರೆದ ಹಳ್ಳದಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳ ಪೈಪೋಟಿಯಲ್ಲಿ ಅಂಥ ಶಿಲೀಂಧ್ರ ಹಿಂದೆ ಬೀಳುತ್ತದೆ. ಇನ್ನೂ ಮುಖ್ಯವಾದದ್ದು, ಬಣ್ಣ ಹೋದದ್ದು ವಿಷ ಹೋದದ್ದಕ್ಕೆ ಪ್ರಮಾಣವಲ್ಲ. ಅಝೋ ಎಂಬ ಜಾತಿಯ ಬಣ್ಣಗಳು ಆಮ್ಲಜನಕವಿಲ್ಲದ ಕೆಸರಿನಲ್ಲಿ ತುಂಡಾದಾಗ ಬಣ್ಣವಿಲ್ಲದ ಆರೊಮ್ಯಾಟಿಕ್ ಅಮೀನ್‌ಗಳು ಉಳಿಯುತ್ತವೆ. ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹೆಚ್ಚು ಹಾನಿಕರ. ನೀರು ತಿಳಿಯಾಗಿ ಕಂಡಿತೆಂದು ಮಕ್ಕಳು ಹೊಳೆಗಿಳಿಯುವ ಊರಿನಲ್ಲಿ ಈ ಒಂದು ವಾಕ್ಯವನ್ನು ಬಿಡಬಾರದು.

ತರಗತಿಯಲ್ಲಿ ಮಾಡಬಹುದಾದದ್ದು

ಹಳ್ಳದ ನೀರನ್ನಾಗಲಿ ಕೆಸರನ್ನಾಗಲಿ ಮಕ್ಕಳಿಂದ ತರಿಸಬಾರದು. ಶಿಕ್ಷಕರೂ ತಂದು ಶಾಲೆಯಲ್ಲಿ ಬೆಳೆಸಬಾರದು. ಪೋಷಕ ಮಾಧ್ಯಮವು ಒಂದು ಬೀಜಕವನ್ನು ಲಕ್ಷ ಮಾಡುತ್ತದೆ, ಅದರಲ್ಲಿ ರೋಗಕಾರಕ ಯಾವುದೆಂದು ನಮಗೆ ತಿಳಿಯದು. ಆಸ್ಪರ್ಜಿಲಸ್ ಬೀಜಕಗಳು ದಮ್ಮಿನ ತೊಂದರೆಯಿರುವ ಮಗುವಿಗೆ ಅಪಾಯ. ಹೊಳೆಯನ್ನು ಸೇತುವೆಯ ಮೇಲಿನಿಂದ ನೋಡಿದರೆ ಸಾಕು.

ಬದಲಿಗೆ ಎರಡು ತುಂಡು ಬಟ್ಟೆ ತರಿಸಿರಿ: ಮಗ್ಗದಿಂದ ಇಳಿದ ಕೋರಾ ಬಟ್ಟೆ ಒಂದು, ಅನೇಕ ಸಲ ಒಗೆದ ಹತ್ತಿ ಬಟ್ಟೆ ಇನ್ನೊಂದು. ಎರಡರ ಮೇಲೂ ದುರ್ಬಲ ಅಯೋಡಿನ್ ದ್ರಾವಣದ ಒಂದೊಂದು ಹನಿ ಹಾಕಿದರೆ ಗಂಜಿಯಿರುವ ಕೋರಾ ಬಟ್ಟೆಯ ಮೇಲೆ ಕಡುನೀಲಿ ಮೂಡುತ್ತದೆ. ಜವಳಿ ಕಾರಖಾನೆಗಳಲ್ಲಿ ಗಂಜಿ ಹೋಯಿತೇ ಇಲ್ಲವೇ ಎಂದು ಪರೀಕ್ಷಿಸುವುದೂ ಅಯೋಡಿನ್ನಿಂದಲೇ. ಪ್ರೋಸೆಸ್‌ನಲ್ಲಿ ದುಡಿಯುವವರ ಮಕ್ಕಳು ಅಂದು ಮನೆಗೆ ಹೋಗಿ ತಂದೆಗೆ ಹೇಳಲು ಒಂದು ಸುದ್ದಿ ಸಿಗುತ್ತದೆ, ತಂದೆಯಿಂದ ಮರುದಿನ ತರಗತಿಗೆ ತರಲು ನಾಲ್ಕು.

ಅದೇ ಎರಡು ಬಗೆಯ ಬಟ್ಟೆಯ ಹೊಸ ತುಂಡುಗಳನ್ನು ಶುದ್ಧ ನೀರಿನಲ್ಲಿ ಒದ್ದೆಮಾಡಿ, ಹಿಂಡಿ, ಬೇರೆ ಬೇರೆ ಪಾರದರ್ಶಕ ಡಬ್ಬಿಗಳಲ್ಲಿಟ್ಟು ಟೇಪಿನಿಂದ ಭದ್ರಪಡಿಸಿ ನೆರಳಿನಲ್ಲಿಡಿರಿ. ಹತ್ತು ದಿನ ಹೊರಗಿನಿಂದಲೇ ನೋಡಿ ಚಿತ್ರ ಬರೆಯಲಿ. ಗಂಜಿಯ ಬಟ್ಟೆಯ ಮೇಲೆ ಸಾಮಾನ್ಯವಾಗಿ ಮೊದಲು ಬೂಷ್ಟು ಮೂಡುತ್ತದೆ. ಮೂಡದೆಯೂ ಇರಬಹುದು, ಮಳೆಗಾಲದಲ್ಲಿ ಬಟ್ಟೆ ಬೂಷ್ಟು ಹಿಡಿಯದಿರಲೆಂದು ಗಂಜಿಗೆ ಔಷಧ ಬೆರೆಸುವ ರೂಢಿಯಿದೆ. ಹಾಗಾದಲ್ಲಿ ಮಕ್ಕಳನ್ನೇ ಕಾರಣ ಕೇಳಿ, ನಿರೀಕ್ಷಿಸಿದ ಫಲವನ್ನು ವಹಿಯಲ್ಲಿ ಬರೆಸಬೇಡಿರಿ. ಪ್ರಯೋಗ ಮುಗಿದ ಮೇಲೆ ಡಬ್ಬಿಯನ್ನು ತೆರೆಯದೆಯೇ ವಿಲೇವಾರಿ ಮಾಡಬೇಕು.

ಇನ್ನು ಎರಡು ಪ್ರಶ್ನೆಗಳಿಗೆ ಶಿಕ್ಷಕರು ಸಿದ್ಧರಿರಬೇಕು. ಮೊದಲನೆಯದು ಕಾಮಾಲೆಯದು. 2012ರ ಬೇಸಿಗೆಯಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜೀವಹಾನಿಯಾಯಿತು. ಆ ನೆನಪು ಮನೆಮನೆಯಲ್ಲಿದೆ. ಹೊಳೆಯ ಬೂಷ್ಟಿನಿಂದಲೇ ಕಾಮಾಲೆ ಬರುತ್ತದೆಯೇ ಎಂದು ಮಗು ಕೇಳಿದರೆ, ನೀರಿನ ಮೂಲಕ ಹಬ್ಬುವ ಕಾಮಾಲೆ ವೈರಾಣುಗಳಿಂದ ಬರುವಂಥದು, ಅವು ಮನುಷ್ಯರ ಮಲ ಕುಡಿಯುವ ನೀರಿಗೆ ಸೇರಿದಾಗ ಹರಡುತ್ತವೆ, ಶಿಲೀಂಧ್ರಕ್ಕೂ ಬಣ್ಣಕ್ಕೂ ಅದರಲ್ಲಿ ಪಾತ್ರವಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ನೀರನ್ನು ಚೆನ್ನಾಗಿ ಕುದಿಸಿದರೆ ವೈರಾಣು ಸಾಯುತ್ತದೆ. ಕರಗಿದ ಲವಣ, ಲೋಹ, ಬಣ್ಣಗಳು ಕುದಿಸಿದರೆ ಹೋಗುವುದಿಲ್ಲ. ಈ ಎರಡು ಮಾತುಗಳನ್ನು ಜೊತೆಯಾಗಿಯೇ ಹೇಳಬೇಕು.

ಎರಡನೆಯದು ಹೆಚ್ಚು ಕಠಿಣ. “ಸರ್, ನಮ್ಮಪ್ಪ ಪ್ರೋಸೆಸ್‌ನ್ಯಾಗ ಕೆಲಸ ಮಾಡ್ತಾನ್ರಿ. ಹೊಳಿ ಕೆಡಿಸಿದ್ದು ಅವನೇನ್ರಿ?” ಎಂದು ಹುಡುಗನೊಬ್ಬ ಎದ್ದು ನಿಂತರೆ ತರಗತಿಯೆಲ್ಲ ಅವನತ್ತ ತಿರುಗುತ್ತದೆ. ನಗುವಿನಲ್ಲಿ ತೇಲಿಸಿಬಿಡುವ ಪ್ರಶ್ನೆಯಲ್ಲ ಇದು. ನೀರನ್ನು ಶುದ್ಧಗೊಳಿಸಿ ಹೊರಬಿಡುವ ಹೊಣೆಯನ್ನು 1974ರ ಜಲಮಾಲಿನ್ಯ ನಿವಾರಣಾ ಮತ್ತು ನಿಯಂತ್ರಣ ಕಾಯಿದೆ ಕಾರಖಾನೆ ನಡೆಸುವವರ ಮೇಲೆ ಹೊರಿಸಿದೆ, ಕೂಲಿಯವನ ಮೇಲಲ್ಲ. ಊರಿನ ಗಟಾರದ ನೀರಿನ ಹೊಣೆ ಸ್ಥಳೀಯ ಆಡಳಿತದ್ದು. ನಮ್ಮೆಲ್ಲರ ಮನೆಯ ನೀರೂ ಆ ಹಳ್ಳದಲ್ಲಿದೆ. ಅವನ ತಂದೆ ಉಡುಪಿನ ಬಟ್ಟೆಗೆ ಬಣ್ಣ ಹಾಕುವ ನುರಿತ ಕೆಲಸಗಾರ. ಗಂಜಿ, ಕಾಸ್ಟಿಕ್, ಲವಣಗಳ ಬಗ್ಗೆ ಶಿಕ್ಷಕರಿಗಿಂತ ಹೆಚ್ಚು ಬಲ್ಲವನು. ಸಾಧ್ಯವಾದರೆ ಒಂದು ಶನಿವಾರ ಅವರನ್ನೇ ಶಾಲೆಗೆ ಕರೆಸಿ, ಒಂದು ಥಾನಿನ ಬಟ್ಟೆ ಕೋರಾದಿಂದ ಬಣ್ಣದವರೆಗೆ ಎಷ್ಟು ಸಲ ನೀರಿಗಿಳಿಯುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿಸಿರಿ. ಆ ಲೆಕ್ಕವನ್ನು ಮಕ್ಕಳು ವಹಿಯ ಎಡಪುಟದಲ್ಲಿ ಬರೆಯಲಿ. ಬಲಪುಟದಲ್ಲಿ, ಪ್ರತಿಸಲ ನೀರಿಗೆ ಹೋದದ್ದನ್ನು ಉಣ್ಣಬಲ್ಲ ಜೀವಿ ಯಾವುದು, ಉಣ್ಣುವವರೇ ಇಲ್ಲದ್ದು ಯಾವುದು ಎಂದು.